ಟೊಳ್ಳು ಚಿಪ್ಪಿನ ಸದ್ದು

"ಪಾಲಕ್ ಹಾಕಿದೀಯಾ? ನನ್ನ ಅಡುಗೆಮನೇಲಿ ನಿಂತ್ಕೊಂಡು ಇದಕ್ಕೆ ಪಾಲಕ್ ಹಾಕಿದೀಯಾ?"

"ನಿನ್ನ ಅಡುಗೆಮನೆ? ಯಾವತ್ತಿಂದ? ಇಪ್ಪತ್ತೇಳು ವರ್ಷದಲ್ಲಿ ಒಂದು ಲೋಟ ತೊಳೆದಿದ್ದು ತೋರಿಸು, ಆಮೇಲೆ ನಿನ್ನದು ಅನ್ನು."

"ನಮ್ಮವ್ವ ಸಿಂಪಿಗೆ ಪಾಲಕ್ ಹಾಕ್ತಿರಲಿಲ್ಲ. ಸತ್ತರೂ ಹಾಕ್ತಿರಲಿಲ್ಲ."

"ಸತ್ತಿದಾಳೆ. ಹಾಕಿಲ್ಲ. ಸಮಾಧಾನವಾ?"

ಅನತೋಲ್ ಒಲೆಯ ಮೇಲಿದ್ದ ಬಾಣಲೆಯನ್ನು ಹಿಡಿ ಹಿಡಿದು ಎತ್ತಿದ, ಕಿಟಕಿಯ ಬಳಿಗೆ ಹೋದ, ಬೆಣ್ಣೆಯಲ್ಲಿ ಬೇಯುತ್ತಿದ್ದ ಹಸಿರನ್ನೆಲ್ಲ ಹೊರಗೆ ಸುರಿದ. ಮನೆ ಕಂಬಗಳ ಮೇಲೆ ನಿಂತಿತ್ತು. ಹದಿನಾಲ್ಕು ಅಡಿ ಕೆಳಗೆ, ತೊಳೆದು ಒಣಗಲು ಇಟ್ಟಿದ್ದ, ಕೊಲ್ಲಿಯ ತಳದಿಂದ ಸಿಂಪಿ ಬಾಚುವ ಕಬ್ಬಿಣದ ಬಲೆಯ ಮೇಲೆ ಅದು ಬಿತ್ತು. ಬೆಕ್ಕೊಂದು ಓಡಿತು. ಹೆಂಡತಿ ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಅವನೂ ಕೂಗಾಡುತ್ತಿದ್ದ, ಎದೆ ಹಗುರವಾಗುತ್ತಿತ್ತು. ಅರ್ಲೀನ್ ಕೂಗಾಡಲಿಲ್ಲ. ಇನ್ನೊಂದು ಕಟ್ಟು ಈರುಳ್ಳಿಸೊಪ್ಪು ತೆಗೆದು ಮಣೆಯ ಮೇಲಿಟ್ಟು ಮೊದಲಿನಿಂದ ಹೆಚ್ಚತೊಡಗಿದಳು. ಆ ಬೆನ್ನು ನೋಡಿದರೆ ಅವನಿಗೆ ಏನಾದರೂ ಒಡೆಯಬೇಕು ಅನ್ನಿಸಿತು. ಒಡೆಯುವುದಕ್ಕೆ ಏನೂ ಸಿಗಲಿಲ್ಲ. ಮೂರು ವಾರದ ಹಿಂದೆ ಗಾಜಿನ ಜಗ್ಗು ಒಡೆದ ಮೇಲೆ ಅವಳು ಎಲ್ಲವನ್ನೂ ಪ್ಲಾಸ್ಟಿಕ್ಕಿನದು ತಂದಿದ್ದಳು. ಅದೂ ಒಂದು ಅವಮಾನವೇ. ಐವತ್ಮೂರು ವರ್ಷದ ಗಂಡಸಿಗೆ, ಕೂಸಿಗೆ ಕೊಟ್ಟ ಹಾಗೆ, ಬೀಳಿಸಿದರೂ ಒಡೆಯದ ಲೋಟದಲ್ಲಿ ಕಾಫಿ.

ಅವಳು ಏನೋ ಅಂದಳು. ಅವನಿಗೆ ಬರೀ ಚಾಕುವಿನ ಟಕಟಕ ಕೇಳಿಸಿತು, ಅದೂ ದೂರದಿಂದ. ಅವಳು ಚಾಕು ಕೆಳಗಿಟ್ಟು, ಮೇಜು ಸುತ್ತಿ ಅವನ ಎಡಗಡೆಗೆ ಬಂದು ನಿಂತಳು. ಹೀಗೆ ಎಡಗಡೆಗೆ ಬರುವುದನ್ನು ಅವಳು ಯಾವಾಗ ಕಲಿತಳು ಎಂದು ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಇವತ್ತು ಕ್ಲೋವಿಸ್‌ನ ಕೇಳ್ತೀಯ ತಾನೆ?"

"ಕೇಳ್ತೀನಿ ಅಂದೆನಲ್ಲ."

"ಬಾಯಿ ಬಿಟ್ಟು ಕೇಳ್ಬೇಕು. ದೋಣಿಗೆ ಬಾ, ನನ್ನ ಕೈಲಿ ಒಬ್ಬನಿಗೇ ಆಗಲ್ಲ ಅಂತ. ಅವನು ಒಲ್ಲೆ ಅಂದ್ರೆ ದೋಣಿ ಮಾರು. ನಿನ್ನ ಹೆಣ ನೀರಿಂದ ಎತ್ತುತ್ತಾರೆ ಅಂತ ನಾನು ದಂಡೇಲಿ ಕಾದು ಕೂರಲ್ಲ."

"ಹನ್ನೊಂದು ವರ್ಷ ಮುಖ ತೋರಿಸದ ತಮ್ಮ ಇವತ್ತು ಬರ್ತಿದಾನಲ್ಲ, ಯಾಕೆ? ನೀನು ಕಾಗದ ಬರೆದು ಅತ್ತಿರಬೇಕು."

"ಅತ್ತಿಲ್ಲ. ನೀನು ಇನ್ಮುಂದೆ ಕೈ ಎತ್ತಲ್ಲ ಅಂತ ಬರೆದೆ. ಬಾಳಾ ದೊಡ್ಡ ಸುಳ್ಳು ಬರೆದೆ. ಅದನ್ನ ಇವತ್ತೊಂದಿನ ನಿಜ ಮಾಡು, ಸಾಕು."

ಹೆಣದ ಮಾತು ಬಂದದ್ದು ಆ ಮಂಜಿನ ದಿನದಿಂದ. ಹೋದ ಡಿಸೆಂಬರಿನಲ್ಲಿ, ಬೆಳಿಗ್ಗೆ, ಕೊಲ್ಲಿಯ ಮೇಲೆ ಮಂಜು ಹಾಲಿನ ಹಾಗೆ ಬಿದ್ದಿತ್ತು. ಅವನೊಬ್ಬನೇ ದೋಣಿಯಲ್ಲಿ ಸಿಂಪಿ ಎತ್ತುತ್ತಿದ್ದ. ಕೂಲಿಗೆ ಇದ್ದವನು ಹಿಂದಿನ ವಾರವಷ್ಟೇ ಬೈಗುಳ ತಡೆಯಲಾರದೆ ಬಿಟ್ಟು ಹೋಗಿದ್ದ. ಅವನಿಗಿಂತ ಮುಂಚೆ ಐದು ಜನ ಹಾಗೇ ಹೋಗಿದ್ದರು. ತಲೆ ಎತ್ತಿದಾಗ ಕಣ್ಣೆದುರು ಕರಿಯ ಗೋಡೆ. ಸರಕಿನ ದೋಣಿಯೊಂದರ ಮೂತಿ, ಮೂರಾಳೆತ್ತರ. ಅದು ಐದು ನಿಮಿಷದಿಂದ ಒಂದೇ ಸಮ ಕೊಂಬು ಊದುತ್ತಿತ್ತಂತೆ. ಅವನ ಬಲಗಿವಿಗೆ ಅದು ಬೀಳಲೇ ಇಲ್ಲ, ಎಡಗಿವಿಯೊಳಗೆ ಯಾವಾಗಲೂ ಕಿರ್ರೆನ್ನುವ ಜೀರುಂಡೆಯಂಥ ಸದ್ದು ಅದನ್ನು ನುಂಗಿತ್ತು. ಚುಕ್ಕಾಣಿ ತಿರುಗಿಸಿದ, ನೀರು ಮಂಡಿಯವರೆಗೆ ಬಂತು, ಉಳಿದ. ಯಾರಿಗೂ ಹೇಳಲಿಲ್ಲ. ಆದರೆ ಆ ದೋಣಿಯ ಕ್ಯಾಪ್ಟನ್ ರೇಡಿಯೋದಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದ್ದ: ಯಾವನಯ್ಯಾ ಅವನು, ಕಿವುಡನಾ, ಕುಡಿದಿದಾನಾ? ಅನತೋಲ್ ಆ ಸಂಜೆ ದಂಡೆಯ ಮೇಲಿದ್ದವರಿಗೆಲ್ಲ, ಹೌದಪ್ಪಾ ಕುಡಿದಿದ್ದೆ, ಅಂದ. ಕುಡಿದಿರಲಿಲ್ಲ. ಹಾಗಂದರೆ ಜನ ನಗುತ್ತಾರೆ, ಬೆನ್ನು ತಟ್ಟುತ್ತಾರೆ. ಇನ್ನೊಂದನ್ನು ಒಪ್ಪಿಕೊಂಡರೆ ಯಾರೂ ನಗುವುದಿಲ್ಲ.

ಕ್ಲೋವಿಸ್ ಹತ್ತು ಗಂಟೆಗೆ ಬಂದ. ನ್ಯೂ ಆರ್ಲಿಯನ್ಸಿನ ಹೋಟೆಲೊಂದರಲ್ಲಿ ಗಿರಾಕಿಗಳ ಮುಂದೆ ನಿಂತು ಸಿಂಪಿ ಒಡೆಯುವ ಕೆಲಸ ಅವನಿಗೆ. ನಲವತ್ನಾಲ್ಕಾಗಿದ್ದರೂ ತಲೆ ತುಂಬ ಕೂದಲಿತ್ತು, ಬಿಳಿಯ ಅಂಗಿಗೆ ಇಸ್ತ್ರಿಯಿತ್ತು. ಒಂದು ಕೈಯಲ್ಲಿ ಸೋಂಪಿನ ವಾಸನೆಯ ಮದ್ಯದ ಬಾಟಲಿ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಅವನ ಸ್ವಂತ ಚಾಕು.

"ಅತ್ತಿಗೆ, ಕೆಳಗೆ ಬಲೆಗೆ ಯಾರು ಊಟ ಬಡಿಸಿದಾರೆ?"

"ನಿಮ್ಮಣ್ಣ. ಬೆಕ್ಕಿಗೂ ಪಾಲಕ್ ಸೇರಲ್ವಂತೆ."

"ಅವ್ವ ಪಾಲಕ್ ಹಾಕ್ತಿರಲಿಲ್ಲ," ಎಂದ ಕ್ಲೋವಿಸ್, ನಗುತ್ತ.

"ನೋಡು!" ಎಂದು ಅನತೋಲ್ ಮೇಜು ಗುದ್ದಿದ. ಒಂದು ಕ್ಷಣ ಅವರಿಬ್ಬರೂ ಒಂದೇ ಕಡೆ ಇದ್ದರು. ಅವ್ವ ಆರು ವರ್ಷ ಅದೇ ನ್ಯೂ ಆರ್ಲಿಯನ್ಸಿನ ದೊಡ್ಡ ಹೋಟೆಲೊಂದರ ಪಾತ್ರೆ ತಿಕ್ಕಿದ್ದಳು. ಹಣವಂತನ ಹೆಸರಿಟ್ಟ ಆ ತಿಂಡಿಯನ್ನು, ರಾಕ್‌ಫೆಲ್ಲರ್ ಸಿಂಪಿಯನ್ನು, ಹೇಗೆ ಮಾಡುತ್ತಾರೆ ಎಂದು ಅಲ್ಲಿ ಯಾರೂ ಅವಳಿಗೆ ಹೇಳಿಕೊಡಲಿಲ್ಲ. ತಿರುಗಿ ಬಂದ ತಟ್ಟೆಗಳ ಅಂಚಿಗೆ ಅಂಟಿದ್ದ ಹಸಿರನ್ನು ಬೆರಳಲ್ಲಿ ಬಳಿದು ನೆಕ್ಕಿ ನೆಕ್ಕಿ ಅವಳು ಕಲಿತದ್ದು. ಈರುಳ್ಳಿಸೊಪ್ಪು, ಪಾರ್ಸ್ಲಿ, ಸೆಲರಿ, ಬೆಣ್ಣೆ, ಬ್ರೆಡ್ಡಿನ ಪುಡಿ, ಖಾರ, ಸೋಂಪಿನ ಮದ್ಯ. ಕಲ್ಲುಪ್ಪು ಹಾಸಿದ ತಟ್ಟೆಯಲ್ಲಿ ಅರ್ಧ ಚಿಪ್ಪುಗಳನ್ನು ಅಲುಗದಂತೆ ಕೂರಿಸಿ, ಸಿಂಪಿಯ ಮೇಲೆ ಆ ಹಸಿರು ಹೊದೆಸಿ, ಒಲೆಯ ಹೊಟ್ಟೆಗೆ ತಳ್ಳಬೇಕು. ಅವ್ವ ಅದನ್ನು ಮನೆಯಲ್ಲಿ ಮೊದಲ ಸಲ ಮಾಡಿದ ದಿನ ಅಪ್ಪ ಇಡೀ ತಟ್ಟೆಯನ್ನು ಗೋಡೆಗೆ ಬೀಸಿದ್ದ: ಇನ್ನೊಬ್ಬರ ಎಂಜಲು ತಿಂದು ಕಲಿತದ್ದನ್ನು ನನ್ನ ಮಕ್ಕಳಿಗೆ ತಿನ್ನಿಸ್ತೀಯಾ? ಉಪ್ಪಿನ ಹರಳುಗಳು ನೆಲದ ತುಂಬ ಚೆಲ್ಲಿದ್ದವು. ಅನತೋಲ್ ತಮ್ಮನನ್ನು ಮೇಜಿನ ಕೆಳಗೆ ಎಳೆದುಕೊಂಡು ಅವನ ಬಾಯಿ ಮುಚ್ಚಿ ಹಿಡಿದಿದ್ದ. ಅಳುವ ಸದ್ದು ಕೇಳಿದರೆ ಅಪ್ಪ ಅಲ್ಲಿಗೂ ಬರುತ್ತಿದ್ದ. ಆಗ ಕ್ಲೋವಿಸ್‌ಗೆ ನಾಲ್ಕು ವರ್ಷ, ಇವನು ಅವನನ್ನು ಟಿ-ಕ್ಲೋ ಎನ್ನುತ್ತಿದ್ದ, ಪುಟ್ಟ ಕ್ಲೋ. ಬಿಸಿಯುಸಿರು ಅಂಗೈಗೆ ಬಡಿಯುತ್ತಿತ್ತು.

ಕ್ಲೋವಿಸ್ ಚಾಕುವನ್ನು ಮೇಜಿನ ಮೇಲಿಟ್ಟು ಕೈ ಚಾಚಿದ. ಅದು ಎಡಗೈ, ಬಲಗೈಯಲ್ಲಿ ಬಾಟಲಿ ಇತ್ತು. ಕಿರುಬೆರಳು ಮತ್ತು ಅದರ ಪಕ್ಕದ್ದು ನಡುವಿನ ಗೆಣ್ಣಿನಿಂದ ಹೊರಕ್ಕೆ ಸೊಟ್ಟಗಿದ್ದವು. ಅನತೋಲ್ ಅದನ್ನು ಹಿಡಿದು ಬೇಗ ಬಿಟ್ಟ.

"ಏನು, ಹೋಟೆಲ್ ಮಾಣಿ," ಎಂದ. ಟಿ-ಕ್ಲೋ ಅನ್ನಬೇಕೆಂದಿದ್ದ.

"ಮಾಣಿ ಅಲ್ಲಪ್ಪ, ಕಲಾವಿದ. ಬೋರ್ಡಲ್ಲಿ ಹಾಗೇ ಬರೆದಿದಾರೆ," ಎಂದು ಕ್ಲೋವಿಸ್ ಅಂಗಿಯ ತೋಳು ಮಡಿಸಿದ. ಅವನಿಗೆ ಬೇಜಾರಾದಂತೆ ಕಾಣಲಿಲ್ಲ. ಬೇಜಾರಾಗಿದ್ದರೆ ಅನತೋಲ್‌ಗೆ ಹಿತವಾಗುತ್ತಿತ್ತು.

ಇಬ್ಬರೂ ತೊಟ್ಟಿಯ ಮುಂದೆ ನಿಂತರು. ಬೆಳಿಗ್ಗೆ ಅನತೋಲ್ ತಾನೇ ಹೋಗಿ ಎತ್ತಿ ಆರಿಸಿ ತಂದಿದ್ದ ಚೀಲ ಕಾಲಬುಡದಲ್ಲಿತ್ತು. ನಾಲ್ಕು ಡಜನ್ ಬೇಕು. ಕ್ಲೋವಿಸ್ ಬಲಗಡೆ ನಿಂತ. ಅನತೋಲ್ ಏನೋ ನೆಪ ಮಾಡಿ ಅತ್ತಿತ್ತ ಸರಿದಾಡಿದ, ಜಾಗ ಬದಲಾಗಲಿಲ್ಲ. ಚಾಕುವಿನ ಮೊನೆಯನ್ನು ಚಿಪ್ಪಿನ ಕೀಲಿಗೆ ತುರುಕಿ, ಮಣಿಕಟ್ಟು ತಿರುವಿ, ಕೀಲು ಮುರಿಯುವ ಆ ಲಟಕ್ ಅನ್ನುವುದು ಅವನಿಗೆ ಈಗ ಅಂಗೈಯಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಮೇಲಿನ ಚಿಪ್ಪಿನಿಂದ ಸ್ನಾಯು ಕೊಯ್ಯಬೇಕು, ಕೆಳಗಿನದರಿಂದಲೂ ಕೊಯ್ಯಬೇಕು, ನೀರು ಚೆಲ್ಲಬಾರದು. ಅವನು ಹತ್ತು ಒಡೆಯುವಷ್ಟರಲ್ಲಿ ತಮ್ಮ ಮೂವತ್ತು ಒಡೆದಿದ್ದ. ಸೊಟ್ಟ ಬೆರಳುಗಳ ಸಂದಿಯಲ್ಲೇ ಚಿಪ್ಪನ್ನು ಸಿಕ್ಕಿಸಿ ಹಿಡಿಯುತ್ತಿದ್ದ, ಅವು ಅದಕ್ಕೆಂದೇ ಬಾಗಿದವು ಅನ್ನುವ ಹಾಗೆ. ಪ್ರತಿಯೊಂದನ್ನೂ ಒಡೆಯುವ ಮುಂಚೆ ಇನ್ನೊಂದಕ್ಕೆ ಒಮ್ಮೆ ತಟ್ಟುತ್ತಿದ್ದ. ಅದು ಅಪ್ಪ ಕಲಿಸಿದ್ದು. ಜೀವ ಇದ್ದರೆ ಕಲ್ಲಿಗೆ ಕಲ್ಲು ಬಡಿದ ಸದ್ದು, ಒಳಗೆ ಸತ್ತಿದ್ದರೆ, ಕೆಸರು ತುಂಬಿದ್ದರೆ, ಒಡಕು ಮಡಕೆಯ ಸದ್ದು. ತಪ್ಪು ಹೇಳಿದವನ ತಲೆಗೆ ಅಪ್ಪ ಅದೇ ಚಿಪ್ಪಿನಿಂದ ಕುಟ್ಟುತ್ತಿದ್ದ. ಅನತೋಲ್‌ನ ನೆತ್ತಿಯಲ್ಲಿ ಇನ್ನೂ ಎರಡು ಗಾಯದ ಗುರುತಿದ್ದವು.

"ಅಲ್ಲಿ ಜನ ಕೇಳ್ತಾರೆ ಅತ್ತಿಗೆ," ಕ್ಲೋವಿಸ್ ದನಿ ಎತ್ತಿ ಹೇಳುತ್ತಿದ್ದ, "ಒಡೆಯುವಾಗ ನೋವಾಗುತ್ತಾ ಅಂತ. ಯಾರಿಗೆ, ನನಗಾ ಅದಕ್ಕಾ ಅಂತ ನಾನು ಕೇಳ್ತೀನಿ. ಒಬ್ಬಳು ಹೆಂಗಸು ಅತ್ತೇ ಬಿಟ್ಟಳು. ಅತ್ತು ಎರಡು ಡಜನ್ ತಿಂದಳು."

ಅರ್ಲೀನ್ ನಕ್ಕಳು. ಈ ಮನೆಯಲ್ಲಿ ಅವಳು ನಗುವುದನ್ನು ಅವನು ನೋಡಿ ಎಷ್ಟು ದಿನವಾಯಿತು. ಈಗ ಕೇಳಬೇಕು. ಮಾತು ಗಂಟಲಲ್ಲಿ ಸಿದ್ಧವಾಗಿತ್ತು, ಬೆಳಿಗ್ಗೆ ಬಲೆ ಎಳೆಯುವಾಗ ಹತ್ತು ಸಲ ಹೇಳಿಕೊಂಡಿದ್ದ: ದೋಣಿಗೆ ಒಬ್ಬ ಬೇಕು ಕಣೋ. ಅಷ್ಟೇ. ಆದರೆ ಅದನ್ನು ಹೇಳಿದರೆ, ಯಾಕೆ ಬೇಕು ಎಂದು ಅವನು ಕೇಳುತ್ತಾನೆ. ಕೇಳದೇ ಹೋದರೆ, ಅವನಿಗೆ ಗೊತ್ತಿದೆ ಎಂದಾಯಿತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ತಿಳಿಯದೆ ಅವನು ಚಾಕುವನ್ನು ಚಿಪ್ಪಿಗೆ ತುರುಕಿದ, ಅದು ಜಾರಿ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ರಕ್ತ ಸಿಂಪಿಯ ನೀರಿಗೆ ಬಿತ್ತು. ಅವನು ಅದನ್ನು ಯಾರಿಗೂ ಕಾಣದಂತೆ ತೊಟ್ಟಿಗೆ ಚೆಲ್ಲಿದ.

ಹನ್ನೊಂದು ವರ್ಷದ ಹಿಂದೆ, ಅವತ್ತೂ ಹೀಗೇ, ನವೆಂಬರು, ಗಾಳಿ ಇರಲಿಲ್ಲ. ಬಲೆ ಎಳೆದು ರಾಶಿ ಸುರಿದ ಮೇಲೆ ಗೊಂಚಲುಗಳನ್ನು ಸಣ್ಣ ಕೊಡಲಿಯ ಬೆನ್ನಿನಿಂದ ಬಿಡಿಸಿ ಆರಿಸುವುದು ಕ್ಲೋವಿಸ್‌ನ ಕೆಲಸ. ಅವನು ತಟ್ಟಿ ತಟ್ಟಿ ಒಂದೊಂದನ್ನೇ ನೀರಿಗೆ ಎಸೆಯುತ್ತಿದ್ದ. ಬಂಗಾರ ಎಸೀತಿದೀಯಲ್ಲೋ, ಎಂದು ಅನತೋಲ್ ಕೂಗಿದ್ದ. ಟೊಳ್ಳು ಅಣ್ಣ, ಎಂದಿದ್ದ ಕ್ಲೋವಿಸ್. ಯಾವನೋ ಹೇಳಿದ್ದು ಟೊಳ್ಳು ಅಂತ, ಕೊಡು ಇಲ್ಲಿ. ಅವನೇ ತಟ್ಟಿ ನೋಡಿದ್ದ. ಕಲ್ಲಿನ ಸದ್ದೇ ಕೇಳಿಸಿತ್ತು, ಅಥವಾ ಕೇಳಿಸಿತೆಂದು ಅಂದುಕೊಂಡಿದ್ದ. ಎಲ್ಲವನ್ನೂ ಚೀಲಕ್ಕೆ ತುಂಬಿಸಿದ. ದಂಡೆಯಲ್ಲಿ ಕೊಳ್ಳುವವನು ಚೀಲಕ್ಕೆ ಕೈ ಹಾಕಿ, ಮೂರನ್ನು ತಟ್ಟಿ, ಹುಬ್ಬೇರಿಸಿ, ಎಲ್ಲರ ಮುಂದೆ ಒಡೆದ. ಕೆಸರು, ಕೆಸರು, ಕೆಸರು. ಹತ್ತು ಹನ್ನೆರಡು ದೋಣಿಯವರು ನಿಂತಿದ್ದರು. ಅನತೋಲೂ, ಈಗ ಕೆಸರು ಮಾರೋಕೆ ಶುರು ಮಾಡಿದ್ಯಾ? ಕ್ಲೋವಿಸ್ ಒಂದು ಮಾತೂ ಆಡಲಿಲ್ಲ. ನಾನು ಹೇಳಿದ್ದೆ ಅನ್ನಲಿಲ್ಲ. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ದೋಣಿಯ ಅಂಚಿಗೆ ಕೈ ಊರಿ ನೀರು ನೋಡುತ್ತ ನಿಂತಿದ್ದ. ಆ ಸುಮ್ಮನಿರುವಿಕೆ ಎಷ್ಟು ಹೊತ್ತು ತಾಳಿಕೊಳ್ಳುವುದು? ಕೊಡಲಿ ಕೈಯಲ್ಲೇ ಇತ್ತು. ಅಂಚಿನ ಮೇಲಿದ್ದ ಆ ಕೈಗೆ ಕೊಡಲಿಯ ಬೆನ್ನಿನಿಂದ ಹೊಡೆದ, ಬಾಯಿಯಿಂದ ಅಲ್ಲ. ಹನ್ನೊಂದು ವರ್ಷ ಅವನು ತನಗೆ ತಾನೇ ಹೇಳಿಕೊಂಡ ಸಮಾಧಾನ ಇದೊಂದೇ. ಮೂಳೆ ಮುರಿದದ್ದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಇವು ಯಾಕೆ ಆಚೆಗಿವೆ?" ಎಂದು ಅನತೋಲ್ ತಮ್ಮನನ್ನು ಕೇಳಿದ.

ನಲವತ್ತೆಂಟು ಅರ್ಧ ಚಿಪ್ಪುಗಳು ಉಪ್ಪಿನ ಮೇಲೆ ಕೂತಿದ್ದವು. ಅರ್ಲೀನ್ ಹೊಸದಾಗಿ ಮಾಡಿದ ಹಸಿರನ್ನು ಚಮಚದಲ್ಲಿ ಹೊದೆಸುತ್ತಿದ್ದಳು, ಪಾಲಕ್ ಇಲ್ಲದ್ದು. ತೊಟ್ಟಿಯ ಆಚೆ ಬದಿಯಲ್ಲಿ, ಟವೆಲಿನ ಮರೆಯಲ್ಲಿ, ಒಡೆಯದ ಆರು ಸಿಂಪಿಗಳಿದ್ದವು.

"ಬಿಡಣ್ಣ. ನಾಲ್ಕು ಡಜನ್ ಆಯ್ತಲ್ಲ."

"ಯಾಕೆ ಅಂತ ಕೇಳಿದೆ."

"ಮಂಜಿತ್ತಲ್ಲ ಬೆಳಿಗ್ಗೆ. ಕಂಡಿರಲ್ಲ ನಿನಗೆ." ಕ್ಲೋವಿಸ್ ಅದನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ ಅವನ ತುಟಿ ನೋಡಿಯೇ ತಿಳಿಯಬೇಕಾಯಿತು. ಕಣ್ಣಿನ ಮೇಲೆ ಹೊರಿಸುತ್ತಿದ್ದಾನೆ. ಕಿವಿಯ ಹೆಸರೆತ್ತದೆ ಮಂಜಿನ ಮೇಲೆ ಹೊರಿಸುತ್ತಿದ್ದಾನೆ. ಭಿಕ್ಷೆ.

ಅನತೋಲ್ ಎರಡು ಸಿಂಪಿಗಳನ್ನು ತೆಗೆದುಕೊಂಡು ಎಡಗಿವಿಯ ಹತ್ತಿರ ಹಿಡಿದು ತಟ್ಟಿದ. ಜೀರುಂಡೆ. ಇನ್ನೊಮ್ಮೆ, ಜೋರಾಗಿ, ಚಿಪ್ಪಿನ ಅಂಚು ಪುಡಿಯಾಗಿ ಕೆನ್ನೆಗೆ ಸಿಡಿಯುವಷ್ಟು ಜೋರಾಗಿ. ಜೀರುಂಡೆ.

"ಜೀವ ಇದೆ," ಎಂದ.

"ಅನತೋಲ್," ಎಂದಳು ಅರ್ಲೀನ್.

"ಜೀವ ಇದೆ ಅಂದೆ! ನಾನು ತಂದದ್ದು, ನನ್ನ ಕೊಲ್ಲಿಯದ್ದು, ನನಗೆ ಗೊತ್ತಿಲ್ವಾ?"

ತಟ್ಟೆಯ ಮೇಲೆಯೇ ಹಿಡಿದು ಚಾಕು ಹಾಕಿ ತಿರುವಿದ. ಚಿಪ್ಪು ಸುಲಭವಾಗಿ ಬಾಯಿಬಿಟ್ಟಿತು. ಅದರೊಳಗಿಂದ ಕಪ್ಪು ಕೆಸರು ಜಾರಿ, ಬಿಳಿಯ ಉಪ್ಪಿನ ಮೇಲೆ, ಸಾಲಾಗಿ ಕೂತಿದ್ದ ಹಸಿರಿನ ಮೇಲೆ ಹರಿಯಿತು. ಕೊಳೆತ ಮೊಟ್ಟೆಯ ನಾತ ಅಡುಗೆಮನೆ ತುಂಬಿತು. ಎರಡನೆಯದರಲ್ಲಿ ಕೆಸರಿರಲಿಲ್ಲ. ಅದರಲ್ಲಿ ಬೂದಿ ಬಣ್ಣದ, ಕರಗಿಹೋದ ಏನೋ ಒಂದು ಅಂಟಿಕೊಂಡಿತ್ತು.

ಕ್ಲೋವಿಸ್ ಟವೆಲು ತೆಗೆದು, ಬಗ್ಗಿ, ಕೆಸರು ಒರೆಸತೊಡಗಿದ. "ಏನಾಗಿಲ್ಲ," ಎಂದ. "ಎಂಟು ಹೋಯ್ತು. ಉಳಿದದ್ದು ಮೂರು ಜನಕ್ಕೆ ಬೇಕಾದಷ್ಟಾಯ್ತು. ಅತ್ತಿಗೆ, ಸ್ವಲ್ಪ ಉಪ್ಪು ಕೊಡಿ."

ಅನತೋಲ್ ಆ ಬೂದಿ ಬಣ್ಣದ್ದನ್ನು ಬೆರಳಿನಿಂದ ಕಿತ್ತು ಬಾಯಿಗೆ ಹಾಕಿಕೊಂಡ.

"ಉಗಿ! ಅಯ್ಯೋ ದೇವರೇ, ಉಗಿಯೋ ಹುಚ್ಚಾ!" ಅರ್ಲೀನ್ ಅವನ ದವಡೆಗೆ ಕೈ ಹಾಕಿದಳು. ಅವನು ಅವಳನ್ನು ಮೊಣಕೈಯಿಂದ ತಳ್ಳಿದ, ಅವಳು ಫ್ರಿಜ್ಜಿಗೆ ಹೋಗಿ ಬಡಿದಳು. ಅವನು ಅಗಿದ. ನಿಧಾನವಾಗಿ, ತಮ್ಮನ ಕಣ್ಣು ನೋಡುತ್ತ. ಕಡೆಗೆ ನುಂಗಿದ.

"ಚೆನ್ನಾಗಿದೆ," ಎಂದ.

ಕ್ಲೋವಿಸ್ ಟವೆಲು ಕೆಳಗಿಟ್ಟ. ಮೇಜು ಸುತ್ತಿ ಬಂದ. ಅವನೂ ಎಡಗಡೆಗೇ ಬಂದ, ಅರ್ಲೀನ್ ಬರುವ ಹಾಗೆಯೇ. ಬಂದು, ಮುದುಕರ ಹತ್ತಿರ ಮಾತಾಡುವಂತೆ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ.

"ಅಣ್ಣ. ನಿನಗೆ ಕೇಳಿಸಲ್ಲ. ಅವತ್ತೂ ಕೇಳಿಸ್ತಿರಲಿಲ್ಲ. ನನಗೆ ಅವತ್ತೇ ಗೊತ್ತಿತ್ತು. ಅದಕ್ಕೇ ಅವರ ಮುಂದೆ ನಾನು ಬಾಯಿ ಬಿಡಲಿಲ್ಲ. ದಡ್ಡ ಅಂದ್ಕೊಳ್ಳಲಿ, ಕಿವುಡ ಅನ್ನೋದು ಬೇಡ ಅಂತ. ಅದಕ್ಕೆ ನೀನು ನನ್ನ ಕೈ ಮುರಿದೆ."

ಅನತೋಲ್ ಹೊಡೆದ. ಚಾಕುವಿದ್ದ ಮುಷ್ಟಿಯಿಂದಲೇ, ಮರದ ಹಿಡಿ ಹಲ್ಲಿಗೆ ತಗಲುವಂತೆ. ಕ್ಲೋವಿಸ್‌ನ ತಲೆ ಹಿಂದಕ್ಕೆ ಹೋಯಿತು, ಬಿಳಿಯ ಅಂಗಿಯ ಮೇಲೆ ರಕ್ತ ಸಿಡಿಯಿತು. ಇನ್ನೊಂದು ಹೊಡೆತಕ್ಕೆ ಅನತೋಲ್ ಕೈ ಎತ್ತುವಷ್ಟರಲ್ಲಿ ಆ ಸೊಟ್ಟ ಬೆರಳುಗಳ ಕೈ ಅವನ ಕುತ್ತಿಗೆಗೆ ಬಂದಿತ್ತು. ಬೆನ್ನು ಬಿಸಿ ಒಲೆಗೆ ಬಡಿಯಿತು. ಅಂಗಿ ಸುಡುವ ವಾಸನೆ ಬಂತು. ತಮ್ಮನ ಇನ್ನೊಂದು ಕೈ ಮೇಜಿನಿಂದ ಎತ್ತಿಕೊಂಡಿದ್ದ ಚಾಕು ಅನತೋಲ್‌ನ ಬಲಗಿವಿಯ ಕೆಳಗೆ, ದವಡೆಯೂ ಕತ್ತೂ ಸೇರುವ ಮೆತ್ತನೆಯ ಜಾಗದಲ್ಲಿ ನಿಂತಿತು. ಕೀಲಿಗೆ ಮೊನೆ ಇಡುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಣಿಕಟ್ಟು ಒಮ್ಮೆ ತಿರುವಿದರೆ ಆಯಿತು. ತಿರುವು, ಎಂದುಕೊಂಡ ಅನತೋಲ್, ನಿಜವಾಗಿಯೂ ಹಾಗೆಂದುಕೊಂಡ, ಅದರಲ್ಲಿ ಒಂದು ಬಗೆಯ ಆಸೆಯೂ ಇತ್ತು. ಆದರೆ ಅವನ ಪ್ಯಾಂಟು ಒದ್ದೆಯಾಗಿತ್ತು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರದಲ್ಲಿ ಕ್ಲೋವಿಸ್‌ನ ಬಾಯಿ ತೆರೆದಿತ್ತು, ಕೆಳಗಿನ ಒಂದು ಹಲ್ಲು ಒಳಕ್ಕೆ ಬಾಗಿತ್ತು. ಬಿಸಿಯುಸಿರು.

ಕ್ಲೋವಿಸ್ ಕೆಳಗೆ ನೋಡಿದ. ಅಣ್ಣನ ಪ್ಯಾಂಟು ನೋಡಿದ. ಕೈ ಬಿಟ್ಟ.

ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅರ್ಲೀನ್ ಚಾಚಿದ ಟವೆಲನ್ನು ತೆಗೆದುಕೊಳ್ಳದೆ, ಅವಳ ತಲೆಯನ್ನೊಮ್ಮೆ ಮುಟ್ಟಿ, ಬಾಗಿಲು ದಾಟಿದ. ಮೆಟ್ಟಿಲಿಳಿಯುವ ಅವನ ನೆತ್ತಿ ಒಂದೊಂದೇ ಹಂತ ಕೆಳಗೆ ಹೋಗುವುದು ಜಾಲರಿಯ ಬಾಗಿಲಿನಲ್ಲಿ ಕಂಡಿತು. ಅನತೋಲ್ ಹೊರಗೆ ಓಡಿದ, ಕಟಕಟೆಗೆ ಬಗ್ಗಿ ವಾಂತಿ ಮಾಡಿಕೊಂಡ, ಬಾಯಿ ಒರೆಸಿಕೊಳ್ಳದೆ ತಲೆ ಎತ್ತಿದ. ಕ್ಲೋವಿಸ್ ಟ್ರಕ್ಕಿನ ಬಾಗಿಲು ತೆಗೆದಿದ್ದ.

"ದೋಣಿಗೆ ಒಬ್ಬ ಬೇಕು ಕಣೋ!" ಅನತೋಲ್ ಕೂಗಿದ. ತನ್ನ ದನಿ ಎಷ್ಟು ದೊಡ್ಡದಿದೆ, ಅಲ್ಲಿಯವರೆಗೆ ಹೋಗುತ್ತದೋ ಇಲ್ಲವೋ, ಅವನಿಗೆ ಅಂದಾಜಾಗಲಿಲ್ಲ. "ಟಿ-ಕ್ಲೋ! ನನ್ನ ಕೈಲಿ ಆಗ್ತಿಲ್ಲ! ದೋಣಿಗೆ ಬಾ!"

ಕ್ಲೋವಿಸ್ ತಿರುಗಿದ. ಅವನ ಬಾಯಿ ಅಲುಗಿತು. ಆಮೇಲೆ ಒಳಗೆ ಕೂತು ಬಾಗಿಲೆಳೆದುಕೊಂಡ. ಪುಡಿಚಿಪ್ಪು ಹಾಸಿದ ರಸ್ತೆಯಲ್ಲಿ ಬಿಳಿಯ ಧೂಳೆದ್ದಿತು.

ಅರ್ಲೀನ್ ಮೊಣಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನಂದ?" ಎಂದು ಅನತೋಲ್ ಕೇಳಿದ. "ಅರ್ಲೀನ್, ಏನಂದ ಅವನು?"

"ನಿನಗೆ ಕೇಳಿಸಲಿಲ್ವಾ?"

"ಇಲ್ಲ."

ಅವಳು ಧೂಳಿನತ್ತ ಕಣ್ಣು ಹೊರಳಿಸಿದಳು.

"ಏನೂ ಅನ್ನಲಿಲ್ಲ," ಎಂದಳು. "ಬಾಯಲ್ಲಿದ್ದ ರಕ್ತ ಉಗಿದ."

ರಸ್ತೆಯ ಕೊನೆಯಲ್ಲಿ, ಮನೆಯಿಂದ ಕಾಣುವಷ್ಟು ದೂರದಲ್ಲಿ, ಯಾವುದೋ ಸೀಗಡಿ ದೋಣಿಗಾಗಿ ಕಾಲುವೆಯ ಸೇತುವೆಯನ್ನು ಮೇಲೆತ್ತಿದ್ದರು. ಟ್ರಕ್ಕು ಅದರ ಮುಂದೆ ನಿಂತಿತು. ನಡೆದು ಹೋದರೆ ಐದು ನಿಮಿಷ. ಅನತೋಲ್ ಕಟಕಟೆ ಬಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಒದ್ದೆ ಪ್ಯಾಂಟು ತೊಡೆಗೆ ತಣ್ಣಗೆ ಅಂಟಿತು. ಪಕ್ಕದ ಮನೆಯವರು ತಮ್ಮ ಕಟಕಟೆಗೆ ಬಂದು ನಿಂತಿದ್ದರು. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ದೋಣಿ ನಿಧಾನವಾಗಿ ದಾಟಿತು, ಅದರ ಹಿಂದೆ ಹಕ್ಕಿಗಳು ದಾಟಿದವು. ಟ್ರಕ್ಕಿನ ಹಿಂದಿನ ಬ್ರೇಕ್ ದೀಪಗಳು ಉರಿಯುತ್ತಲೇ ಇದ್ದವು, ಬಾಗಿಲು ತೆರೆಯಲಿಲ್ಲ. ಸೇತುವೆ ಇಳಿಯಿತು. ದೀಪಗಳು ಆರಿದವು, ಟ್ರಕ್ಕು ಸೇತುವೆ ಹತ್ತಿ ಆಚೆ ಇಳಿಯಿತು.